ದುರ್ಗಮ್ಮನ ಬಾಯಿ

ಭದ್ರಾವತಿಯ ನ್ಯೂಟೌನಿನ ಆ ಕ್ವಾಟ್ರಸ್ ಸಾಲಿನಲ್ಲಿ ದುರ್ಗಮ್ಮನ ಬಾಯಿ ಅಂದರೆ ಎಲ್ಲರಿಗೂ ಗೊತ್ತು. ನಲ್ಲಿಯ ಹತ್ತಿರ ಕೊಡದ ಸರದಿಗೆ ಜಗಳ ಹತ್ತಿಕೊಂಡರೆ ತೆಲುಗಿನವರಿಗೆ ತೆಲುಗಿನಲ್ಲಿ, ತಮಿಳಿನವರಿಗೆ ತಮಿಳಿನಲ್ಲಿ, ಮಿಕ್ಕವರಿಗೆ ಕನ್ನಡದಲ್ಲಿ ಚೆನ್ನಾಗಿ ಬೈದು, ಕೊನೆಗೆ ಏನೋ ಒಂದು ಮಾತು ಹೇಳಿ ಎಲ್ಲರನ್ನೂ ನಗಿಸಿ ಕಳಿಸುತ್ತಿದ್ದಳು. ಯಾರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವಿದ್ದರೂ ಅವಳಿಗೆ ಕರೆ ಬರುತ್ತಿತ್ತು. ದುರ್ಗಕ್ಕ ಒಬ್ಬಳು ಜಗಲಿ ಮೇಲೆ ಕೂತಿದ್ದರೆ ಗಂಡಿನ ಕಡೆಯವರು ಹದ್ದುಬಸ್ತಿನಲ್ಲಿರುತ್ತಾರೆ ಅನ್ನುವ ನಂಬಿಕೆ.

ಅವಳ ಗಂಡ ಚೌಡಪ್ಪ ಇದಕ್ಕೆ ತದ್ವಿರುದ್ಧ. ಕಬ್ಬಿಣದ ಕಾರ್ಖಾನೆಯಲ್ಲಿ ಅವನು ಕ್ರೇನ್ ಆಪರೇಟರ್. ಶೆಡ್ಡಿನ ಮಾಡಿಗೆ ತಾಗಿಕೊಂಡಂತಿದ್ದ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತು, ಕೆಳಗಿನವರ ಕೈಸನ್ನೆ ನೋಡಿಕೊಂಡು, ಕೆಂಪಗೆ ಕಾದ ಕಬ್ಬಿಣವನ್ನು ಎತ್ತಿ ಇಳಿಸುವುದು ಅವನ ಕೆಲಸ. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿಯೋ ಏನೋ ಅವನಿಗೆ ಮಾತಿನ ಅಭ್ಯಾಸವೇ ತಪ್ಪಿಹೋಗಿತ್ತು. ಮನೆಯಲ್ಲೂ ಅವಳು ಹೇಳುವುದು, ಅವನು ಹೂಂಗುಟ್ಟುವುದು. ಒಬ್ಬಳೇ ಮಗಳು ಸಮತಾ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎ. ಓದುತ್ತ ಹಾಸ್ಟೆಲಿನಲ್ಲಿದ್ದಳು. ಶನಿವಾರ ಮನೆಗೆ ಬಂದರೆ ಅಪ್ಪನಿಗೆ ಹೇಳಬೇಕಾದ್ದನ್ನೂ ಅವಳು ಅಮ್ಮನಿಗೇ ಹೇಳುತ್ತಿದ್ದಳು. ಅಮ್ಮ ಅದನ್ನು ಅಪ್ಪನಿಗೆ ದಾಟಿಸುತ್ತಿದ್ದಳು.

ತೊಂಬತ್ತೆಂಟರ ಯುಗಾದಿ ಕಳೆದ ಮೇಲೆ ದುರ್ಗಮ್ಮನಿಗೆ ಹೊಟ್ಟೆನೋವು ಸುರುವಾಯಿತು. ಮೊದಲು ಗ್ಯಾಸ್ ಅಂದರು, ಆಮೇಲೆ ಮೂಲವ್ಯಾಧಿ ಅಂದರು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ದೊಡ್ಡ ಕರುಳಿನ ಒಂದು ತುಂಡನ್ನು ತೆಗೆದ ಮೇಲೆ ಅದು ಕ್ಯಾನ್ಸರ್ ಅಂತ ಖಾತ್ರಿಯಾಯಿತು. ಲಿವರ್ ಮೇಲೂ ಒಂದೆರಡು ಕಲೆ ಕಾಣುತ್ತಿವೆ ಅಂದರು.

"ಆಪರೇಷನ್ ಒಂದರಿಂದಲೇ ಮುಗಿಯಲ್ಲ ಚೌಡಪ್ಪನೋರೇ. ಇಂಜೆಕ್ಷನ್ ಕೊಟ್ಟು ನೋಡೋಣ. ತಿಂಗಳಿಗೊಂದು ಸಲ, ಐದು ದಿನ ಸತತ. ಆರು ತಿಂಗಳು" ಅಂದರು ಡಾಕ್ಟರ್ ಜ್ಞಾನೇಶ್. ಶಿವಮೊಗ್ಗದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅವರು ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿದ್ದರು. ವಯಸ್ಸು ಹೆಚ್ಚಿಲ್ಲ, ಆದರೆ ಕಣ್ಣ ಕೆಳಗೆ ಆಗಲೇ ಕಪ್ಪು ಕಟ್ಟಿತ್ತು.

"ವಾಸಿ ಆಗುತ್ತಾ ಸಾರ್?" ಅಂತ ಕೇಳಿದ್ದು ದುರ್ಗಮ್ಮನೇ.

"ಹಿಡಿತಕ್ಕೆ ಬರಬಹುದು" ಅಂದರು ಡಾಕ್ಟರು.

ಮೊದಲನೇ ಸರದಿ ಸಲೀಸಾಗಿ ಕಳೆಯಿತು. ಗಂಡ ಹೆಂಡತಿ ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗುವುದು, ಸೂಜಿ ಚುಚ್ಚಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ವಾಪಸು ಬರುವುದು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಊರು, ಮನೆತನ ಎಲ್ಲ ವಿಚಾರಿಸಿಕೊಂಡೇ ಅವಳು ಇಳಿಯುತ್ತಿದ್ದಳು. "ಇದಕ್ಕೇ ಇಷ್ಟು ಹೆದರ್ಸಿದ್ರಲ್ಲ, ಹನಿಹನಿಯಾಗಿ ನೀರಿಳಿದಂಗೆ ಇಳೀತದೆ ಕಣ್ರೀ" ಅಂದಳು. ವಾರ ಕಳೆದು ಒಂದು ಬೆಳಿಗ್ಗೆ ಕಾಫಿಯ ಲೋಟ ಬಾಯಿಗಿಟ್ಟವಳು ಹಾಗೇ ಕೆಳಗಿಟ್ಟಳು. "ಏನ್ ಮಾರಾಯ್ರೇ, ಇಷ್ಟು ಸುಡೋದು ಕೊಟ್ಟಿದ್ದೀರಲ್ಲ." ಕಾಫಿ ಆಗಲೇ ಆರಿತ್ತು. ಚೌಡಪ್ಪ ಬ್ಯಾಟರಿ ಹಾಕಿ ನೋಡಿದ. ಕೆನ್ನೆಯ ಒಳಭಾಗ ಕೆಂಪೇರಿತ್ತು, ತುಟಿಯ ಹಿಂದೆ ಎರಡು ಬಿಳಿ ಹುಣ್ಣು. ಅವು ಒಂದು ವಾರ ಕಾಡಿ ತಾವಾಗಿಯೇ ಮಾಯವಾದವು.

ಎರಡನೇ ಸರದಿಯದು ಹಾಗಿರಲಿಲ್ಲ. ನಾಲಿಗೆಯ ಅಡಿ, ಕೆನ್ನೆ, ಗಂಟಲ ಬಾಗಿಲವರೆಗೂ ಚರ್ಮ ಸುಲಿದು ಬಂತು. ತುಟಿ ಬಾತು ರಕ್ತ ಒಸರಿತು. ಅನ್ನ ಹಾಗಿರಲಿ, ನೀರು ಕೂಡ ಇಳಿಯದು. ಎಂಜಲು ನುಂಗಲಾರದೆ ಒಂದು ಸ್ಟೀಲ್ ಡಬರಿಯನ್ನು ಮಗ್ಗುಲಲ್ಲಿಟ್ಟುಕೊಂಡು ಅದರೊಳಗೆ ಬಿಡುತ್ತಿದ್ದಳು. ಮಾತು ನಿಂತುಹೋಯಿತು. ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತದೆ ಅನ್ನುವುದು ಚೌಡಪ್ಪನಿಗೆ ಗೊತ್ತಾದದ್ದೇ ಆಗ. ನಲ್ಲಿಯ ಹತ್ತಿರದ ಹೆಂಗಸರೂ ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿ ಜಗಳವಾಡುತ್ತಿದ್ದರು.

ಪಕ್ಕದ ಮನೆಯ ಸೆಲ್ವಿ ದಿನಕ್ಕೊಂದು ಮದ್ದು ತಂದಳು. ತುಪ್ಪ, ಜೇನು, ಸೀಬೆ ಎಲೆಯ ಕಷಾಯ. ಯಾವುದನ್ನು ಹಚ್ಚಿದರೂ ದುರ್ಗಮ್ಮ ಗೋಡೆಗೆ ಕೈ ಬಡಿದು ಅಳುತ್ತಿದ್ದಳು. ದೊಡ್ಡ ದನಿಯಲ್ಲಿ ಅಳುವುದಕ್ಕೂ ಬಾಯಿ ತೆರೆಯಬೇಕಲ್ಲ. ಅದಾಗದೆ ಮೂಗಿನಲ್ಲೇ ಒಂದು ಸಣ್ಣ ಸ್ವರ ಹೊರಡುತ್ತಿತ್ತು.

ಒಂದು ದಿನ ಚೌಡಪ್ಪ ಡ್ಯೂಟಿ ಮುಗಿಸಿ ಬಂದು ಅವಳ ಮಂಚದ ಹತ್ತಿರ ಕೂತಾಗ ಅವಳು ಅವನ ಮೊಣಕೈ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಮೂರು ಬೆರಳು ಎತ್ತಿ ತೋರಿಸಿದಳು. ಆಮೇಲೆ ಆ ಕೈಯನ್ನೇ ಅಡ್ಡಡ್ಡ ಆಡಿಸಿದಳು. ಮೂರನೆಯದು ಬೇಡ. ಮತ್ತೊಂದು ಸಲ, ನಿಧಾನವಾಗಿ ತೋರಿಸಿದಳು.

ಕೈಸನ್ನೆ ಓದುವುದರಲ್ಲಿ ಅವನ ಅರ್ಧ ಆಯಸ್ಸು ಕಳೆದಿತ್ತು. ಅರ್ಥವಾಗಲಿಲ್ಲ ಅನ್ನುವಂತೆಯೇ ಇರಲಿಲ್ಲ. ಕ್ರೇನಿನ ಕೆಲಸದಲ್ಲಿ ಎತ್ತು, ಇಳಿಸು ಅನ್ನುವ ಸನ್ನೆಯನ್ನು ಒಬ್ಬನೇ ಒಬ್ಬ ಕೊಡಬೇಕು. ಆದರೆ ನಿಲ್ಲಿಸು ಅನ್ನುವ ಸನ್ನೆಯನ್ನು ಯಾರು ಕೊಟ್ಟರೂ, ಕಸ ಗುಡಿಸುವವನು ಕೊಟ್ಟರೂ, ಆಪರೇಟರ್ ಅಲ್ಲಿಗೇ ನಿಲ್ಲಿಸಬೇಕು. ಅದು ಅವನು ಕೆಲಸಕ್ಕೆ ಸೇರಿದ ದಿನ ಕಲಿತ ಪಾಠ. ಆದರೂ ಅವನು ಅವಳ ಕೈಯನ್ನು ಹಿಡಿದು ಹಾಸಿಗೆಯ ಮೇಲಿಟ್ಟು, "ಡಾಕ್ಟ್ರನ್ನ ಕೇಳ್ಕಂಡು ಬರ್ತೀನಿ ತಡಿ" ಅಂದ.

ಮಾರನೆಯ ದಿನ ರಜೆ ಹಾಕಿ ಶಿವಮೊಗ್ಗಕ್ಕೆ ಹೋದ. ಆದರೆ ಡಾಕ್ಟರ ಮುಂದೆ ಕೂತಾಗ ಅವಳು ಬೇಡ ಅಂದದ್ದನ್ನು ಹೇಳಲಿಲ್ಲ. "ಬಾಯಿ ಹುಣ್ಣು ತಡಿಯಕ್ಕಾಗ್ತಿಲ್ಲ ಸಾರ್. ಅದೊಂದಕ್ಕೆ ಏನಾದ್ರೂ ಮಾಡಿ" ಅಂದ. ಅದೊಂದು ವಾಸಿಯಾದರೆ ಅವಳು ಮತ್ತೆ ಹೂಂ ಅನ್ನುತ್ತಾಳೆ ಅನ್ನುವುದು ಅವನ ಲೆಕ್ಕಾಚಾರ.

ಜ್ಞಾನೇಶ್ ಬಿಡಿಸಿ ಹೇಳಿದರು. ಈ ಔಷಧಿ ಬೇಗ ಬೇಗ ಬೆಳೆಯುವ ಜೀವಕಣಗಳನ್ನು ಹುಡುಕಿ ಕೊಲ್ಲುತ್ತದೆ. ಕ್ಯಾನ್ಸರ್ ಹಾಗೆ ಬೆಳೆಯುತ್ತದೆ, ಬಾಯಿಯ ಒಳಗಿನ ಚರ್ಮವೂ ಹಾಗೇ ಬೆಳೆಯುತ್ತದೆ. ಔಷಧಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ತೊಳೆಸಬೇಕು. ಬ್ರಷ್ ಬೇಡ, ಬೇಯಿಸಿ ಆರಿಸಿದ ಹತ್ತಿ ಬಟ್ಟೆಯಲ್ಲಿ ಹಲ್ಲು ಒರೆಸಬೇಕು. ಉಂಡಾದ ಮೇಲೂ, ಉಣ್ಣದಿದ್ದರೂ.

"ಇನ್ನೊಂದಿದೆ" ಅಂದರು ಸ್ವಲ್ಪ ಅನುಮಾನಿಸುತ್ತ. "ವಿಟಮಿನ್ ಇ ಗುಳಿಗೆ ಬರ್ತದಲ್ಲ, ಹಸಿರು ಬಣ್ಣದ್ದು, ಒಳಗೆ ಎಣ್ಣೆ ಇರುತ್ತೆ. ಅದನ್ನ ಸೂಜಿಲಿ ಚುಚ್ಚಿ ಆ ಎಣ್ಣೆನ ಹುಣ್ಣಿನ ಮೇಲೆ ಸವರಿ. ಆ್ಯಂಟಿ ಆಕ್ಸಿಡೆಂಟ್ ಅಂತಾರೆ. ನೀವು ಕಬ್ಬಿಣದ ಕಾರ್ಖಾನೆಯೋರು, ತುಕ್ಕು ಅಂದ್ರೆ ಗೊತ್ತಲ್ಲ? ಔಷಧಿ ಹೊಡೆತಕ್ಕೆ ಬಾಯಿ ಚರ್ಮ ಹೆಚ್ಚುಕಮ್ಮಿ ಹಂಗೇ ತಿಂದುಹೋಗ್ತದೆ. ಈ ಎಣ್ಣೆ ಅದನ್ನ ತಡೀಬಹುದು. ಸ್ವಲ್ಪ ಜನರ ಮೇಲೆ ಮಾಡಿ ನೋಡಿದ್ದಾರೆ, ಕೆಲವರಿಗೆ ಗುಣ ಕಂಡಿದೆ. ಎಲ್ಲರಿಗೂ ಆಗುತ್ತೆ ಅಂತ ನಾನು ಹೇಳಲ್ಲ."

"ನುಂಗ್ಸಿದ್ರೆ ಇನ್ನೂ ಬೇಗ ವಾಸಿ ಆಗಲ್ವಾ ಸಾರ್?"

"ಬೇಡ. ಒಳಗೆ ಹೋದ್ರೆ ಕ್ಯಾನ್ಸರ್‌ಗೂ ಅದೇ ರಕ್ಷಣೆ ಕೊಟ್ಟಂಗಾಗಬಹುದು ಅಂತ ಕೆಲವರಿಗೆ ಸಂಶಯ ಇದೆ. ಬಾಯಿಗೆ ಮಾತ್ರ. ಸ್ವಲ್ಪ ಹೊತ್ತು ಬಿಟ್ಟು ಉಗುಳಿಸಿಬಿಡಿ."

ಗುಳಿಗೆಯ ಪಟ್ಟಿಗಳನ್ನು ಜೇಬಿನಲ್ಲಿಟ್ಟುಕೊಂಡು ಅವನು ಮನೆಗೆ ಬಂದ. ಮೊದಲ ದಿನದ ಪ್ರಯತ್ನ ಕೆಟ್ಟುಹೋಯಿತು. ಕ್ರೇನಿನ ಸನ್ನೆಕೋಲು ಹಿಡಿದು, ಗ್ರೀಸು ಮೆತ್ತಿ ಜಡ್ಡುಗಟ್ಟಿದ ಬೆರಳು ಅವನವು. ತೋರುಬೆರಳಿಗೆ ಎಣ್ಣೆ ಹಚ್ಚಿಕೊಂಡು ಅವಳ ತುಟಿ ಬಿಡಿಸಿ ಒಳಗೆ ಹಾಕಿದನಷ್ಟೆ, ಅವಳು ಕೊಸರಿ ಅವನ ಕೈಯನ್ನು ತಳ್ಳಿಬಿಟ್ಟಳು. ಬೆರಳಿಗೆ ರಕ್ತ ಮೆತ್ತಿಕೊಂಡಿತ್ತು. ಅವನು ಹಿತ್ತಲಿಗೆ ಹೋಗಿ ಬೆರಳು ನೋಡುತ್ತ ನಿಂತ. ಕಲ್ಲು, ಹುಣಸೆಹಣ್ಣು ಹಾಕಿ ಚರ್ಮ ತಿಕ್ಕಿದ. ಉಗುರನ್ನು ಬುಡದವರೆಗೆ ಕತ್ತರಿಸಿಕೊಂಡ. ಆದರೂ ಬೆರಳು ಬೆರಳೇ. ಕೊನೆಗೆ ಸೆಲ್ವಿ ತನ್ನ ಹಳೇ ಮೆತ್ತನೆಯ ಮಲ್ ಬಟ್ಟೆಯ ಸೀರೆ ಹರಿದು ತಂದುಕೊಟ್ಟಳು. "ಅಣ್ಣಾ, ಇದನ್ನ ಬೆರಳಿಗೆ ಸುತ್ಕೊಳ್ಳಿ. ಒತ್ತಬೇಡಿ. ಮಗೂಗೆ ಕಾಡಿಗೆ ಇಡೋ ಹಂಗೆ, ಪಯ್ಯಾ, ಪಯ್ಯಾ" ಅಂದಳು. ಮೆಲ್ಲಗೆ, ಮೆಲ್ಲಗೆ.

ಬಟ್ಟೆ ಬೇಯಿಸುವುದು, ಹಿಂಡುವುದು, ಉಪ್ಪುನೀರು ಬಾಯಿಗೆ ಬಿಟ್ಟು ಡಬರಿಗೆ ಉಗುಳಿಸುವುದು, ಗುಳಿಗೆಗೆ ಸೂಜಿ ಚುಚ್ಚಿ ಹಿಂಡುವುದು. ಜೇನಿನಂತೆ ಮಂದವಾದ ಎಣ್ಣೆ. ಅದನ್ನು ಒಂದೊಂದು ಹುಣ್ಣಿಗೂ ತಾಕಿಸುವುದು. ಅವಳು ಅವನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ಬಾಯಿ ತೆರೆದು ಕೂರುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿ ಅವಳ ಬಾಯಿಯ ಒಳಗನ್ನು ಅವನು ನೋಡಿಯೇ ಇರಲಿಲ್ಲ. ಎಡಗಡೆಯ ಕಡೇ ಹಲ್ಲು ಇಲ್ಲ ಅನ್ನುವುದು ಈಗ ಗೊತ್ತಾಯಿತು. ಯಾವಾಗ ಬಿತ್ತು, ಯಾವಾಗ ಕೀಳಿಸಿದರು, ಅವನಿಗೆ ನೆನಪಿಲ್ಲ.

ಹಚ್ಚುವಾಗ ಅವಳ ಗಮನ ಬೇರೆ ಕಡೆ ಹೋಗಲಿ ಅಂತ ಅವನು ಏನಾದರೂ ಹೇಳತೊಡಗಿದ. ಏನು ಹೇಳುವುದು? ಗೊತ್ತಿದ್ದದ್ದು ಕಾರ್ಖಾನೆ ಒಂದೇ. "ನಮ್ ಶೆಡ್ಡಿನ ತೊಲೆ ಮೇಲೆ ಒಂದು ಗೂಬೆ ಸಂಸಾರ ಹೂಡಿದೆ ಮಾರಾಯ್ತಿ. ಕೆಳಗೆ ಅಷ್ಟು ಬೆಂಕಿ, ಅಷ್ಟು ಸದ್ದು. ಅದಕ್ಕೆ ಏನೂ ಇಲ್ಲ. ನನ್ನ ಕಡೆನೇ ನೋಡ್ಕಂಡು ಕೂತಿರುತ್ತೆ." ಇನ್ನೊಂದು ದಿನ, "ಶೇಷಪ್ಪ ಇದಾನಲ್ಲ, ಫೋರ್‌ಮನ್ನು, ಮೇಲಿಂದ ನೋಡಿದ್ರೆ ಅವನ ಬೋಳುತಲೆ ಒಳ್ಳೆ ತಟ್ಟೆ ಇದ್ದಂಗೆ ಕಾಣುತ್ತೆ." ದುರ್ಗಮ್ಮನ ಕಣ್ಣಲ್ಲಿ ನೀರಿತ್ತು, ಆದರೆ ಹೊಟ್ಟೆ ಸಣ್ಣಗೆ ಕುಲುಕಿತು. ಅವಳು ನಗುತ್ತಿದ್ದಾಳೆ ಅನ್ನುವುದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು.

ಗುಣ ಕಂಡಿತು. ಎಣ್ಣೆಯಿಂದಲೋ, ಉಪ್ಪುನೀರಿನಿಂದಲೋ, ದಿನ ಕಳೆದದ್ದರಿಂದಲೋ, ಯಾರು ಹೇಳಬೇಕು? ಬಿಳಿ ಪೊರೆ ಕಳಚಿ ಕೆಳಗೆ ಹೊಸ ಚರ್ಮ ಕಾಣಿಸಿತು. ಸೆಲ್ವಿ ಗಣಿಕೆ ಸೊಪ್ಪನ್ನು ತೆಂಗಿನಹಾಲಿನಲ್ಲಿ ಬೇಯಿಸಿ, ಉಪ್ಪು ಕೂಡ ಹಾಕದೆ ಸೋಸಿ ತಂದಳು. ದುರ್ಗಮ್ಮ ಅದನ್ನು ಚಮಚದಲ್ಲಿ ಗುಟುಕರಿಸಿ, ತುಟಿ ಒರೆಸಿಕೊಂಡು, "ಸೆಲ್ವೀ, ಇದು ಸಾರೋ, ಪಾತ್ರೆ ತೊಳ್ದ ನೀರೋ?" ಅಂದಳು. ಸ್ವರ ಒಡೆದಿತ್ತು. ಸೆಲ್ವಿ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಓಡಿಹೋದಳು. ಸ್ವಲ್ಪ ಹೊತ್ತಿಗೆ ಸಾಲಿನ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದು ದುರ್ಗಕ್ಕ ಬೈದ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು.

ಮೂರನೆಯ ಸರದಿಯ ಮಾತನ್ನು ಚೌಡಪ್ಪನೇ ಎತ್ತಿದ. "ಈ ಸಲ ಮೊದಲನೇ ದಿನದಿಂದ್ಲೇ ಎಣ್ಣೆ ಹಚ್ತೀನಿ. ಬಾಯಿ ಕೆಡಕ್ಕೆ ಬಿಡಲ್ಲ."

ಅವಳು ಅವನನ್ನೇ ನೋಡಿದಳು. ಅವನು ಇಷ್ಟು ಆಸೆ ಇಟ್ಟುಕೊಂಡು ಏನನ್ನೂ ಕೇಳಿದವನಲ್ಲ. "ಹೂಂ, ಆಯ್ತು" ಅಂದಳು.

ಮೂರನೆಯದು ಆಯಿತು, ನಾಲ್ಕನೆಯದೂ ಆಯಿತು. ಬಾಯಿ ಕೆಂಪಾಗುತ್ತಿತ್ತು, ಒಂದೆರಡು ಹುಣ್ಣು ಏಳುತ್ತಿತ್ತು, ಆದರೆ ಮೊದಲಿನಂತೆ ಸುಲಿಯಲಿಲ್ಲ. ಚೌಡಪ್ಪ ಪಾಳಿ ಬದಲಾಯಿಸಿಕೊಂಡು ಎಣ್ಣೆಯ ಹೊತ್ತಿಗೆ ಮನೆಯಲ್ಲಿರುತ್ತಿದ್ದ. ಹಚ್ಚಿದ ಮೇಲೆ ಅವಳು ಉಗುಳುವವರೆಗೂ ಎದುರು ನಿಲ್ಲುತ್ತಿದ್ದ. "ನುಂಗ್ಬೇಡ್ವೇ, ಉಗುಳು, ಉಗುಳು" ಅಂತ ಗದರುತ್ತಿದ್ದ. ಅವಳಿಗೆ ಅದು ತಮಾಷೆ. "ಉಗಿಯೋದು ನಂಗೆ ಹೇಳ್ಕೊಡ್ಬೇಕಾ?" ಅನ್ನುತ್ತಿದ್ದಳು. ಸಮತಾ ಶನಿವಾರ ಬಂದಾಗ ಅಪ್ಪ ಬ್ಯಾಟರಿ ಹಿಡಿದು ಅಮ್ಮನ ಬಾಯಿ ನೋಡುತ್ತ, "ನೋಡು, ಎಷ್ಟು ಚೆನ್ನಾಗಿದೆ, ಒಳ್ಳೇ ಗುಲಾಬಿ ಬಣ್ಣ" ಅನ್ನುತ್ತಿದ್ದುದನ್ನು ಕೇಳಿ ಬೆರಗಾಗುತ್ತಿದ್ದಳು. ಅಪ್ಪ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಅವಳ ಸೀರೆಯ ನೆರಿಗೆ ದಿನೇ ದಿನೇ ದಪ್ಪವಾಗುತ್ತಿದ್ದುದನ್ನು ಅವನು ನೋಡದೆ ಇರಲಿಲ್ಲ. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಆದರೆ ಅವನು ದಿನಾ ಬ್ಯಾಟರಿ ಹಾಕಿ ನೋಡುತ್ತಿದ್ದದ್ದು ಬಾಯಿಯನ್ನು. ಬಾಯಿ ವಾಸಿಯಾಗುತ್ತಿದೆ ಅಂದರೆ ಕಣ್ಣಿಗೆ ಕಾಣದ ಒಳಗೂ ವಾಸಿಯಾಗುತ್ತಿರಬೇಕು ಅಂತ ಅವನ ಮನಸ್ಸು ಅವನಿಗೇ ಹೇಳಿಕೊಡುತ್ತಿತ್ತು.

ನಾಲ್ಕನೆಯದರ ನಂತರ ಸ್ಕ್ಯಾನ್ ಮಾಡಿಸಿದರು. ಜ್ಞಾನೇಶ್ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಕೆಳಗಿಟ್ಟು ಕುರ್ಚಿಯನ್ನು ಇವರ ಹತ್ತಿರ ಎಳೆದುಕೊಂಡರು. ಕುರ್ಚಿ ಎಳೆದುಕೊಂಡದ್ದರಲ್ಲೇ ದುರ್ಗಮ್ಮನಿಗೆ ಗೊತ್ತಾಯಿತು.

"ಬೆಳೆದಿದೆಯಾ ಸಾರ್?"

"ಬೆಳೆದಿದೆ ಅಮ್ಮಾ. ಲಿವರಿನ ತುಂಬಾ ಹರಡಿದೆ. ಈ ಔಷಧಿ ಕೆಲಸ ಮಾಡ್ಲಿಲ್ಲ. ಇನ್ನು ಮುಂದುವರಿಸಿ ಅಂತ ನಾನು ಹೇಳಲ್ಲ."

ಚೌಡಪ್ಪ ಕೂತಲ್ಲಿಂದ ಎದ್ದೇಬಿಟ್ಟ. "ಎಣ್ಣೆ ಒಳಗೆ ಹೋಗಿರಬೇಕು ಸಾರ್. ನಾನು ಉಗುಳಿಸ್ತಿದ್ದೆ, ಆದ್ರೂ ಒಂದೊಂದ್ಸಲ ಅವಳು ನುಂಗಿರಬೇಕು. ನೀವು ಹೇಳಿದ್ರಲ್ಲ, ಕ್ಯಾನ್ಸರ್‌ಗೂ ರಕ್ಷಣೆ ಅಂತ."

"ಇಲ್ಲ ಚೌಡಪ್ಪನೋರೇ. ಅಷ್ಟು ಸ್ವಲ್ಪದಿಂದ ಇದಾಗಲ್ಲ. ಅದನ್ನ ತಲೆಯಿಂದ ತೆಗೆದುಹಾಕಿ."

"ಖಂಡಿತ ಹೇಳ್ತೀರಾ?"

ಡಾಕ್ಟರು ಅವನ ಮುಖವನ್ನೇ ನೋಡಿ, "ಖಂಡಿತ" ಅಂದರು. ಆದರೆ ಅವರು ಆ ಮಾತಿಗೆ ಮೊದಲು ತೆಗೆದುಕೊಂಡ ಒಂದು ಗಳಿಗೆ ಚೌಡಪ್ಪನ ತಲೆಯಲ್ಲಿ ಕೂತುಬಿಟ್ಟಿತು.

ಬಸ್‌ಸ್ಟ್ಯಾಂಡಿನಲ್ಲಿ ಭದ್ರಾವತಿಯ ಬಸ್ಸು ಹೊರಟು ನಿಂತಿತ್ತು. ದುರ್ಗಮ್ಮ ಹತ್ತಲಿಲ್ಲ. ಮುಂದಿನದಕ್ಕೆ ಹೋಗೋಣ ಅಂತ ಕಲ್ಲುಬೆಂಚಿನ ಮೇಲೆ ಕೂತಳು. ಕಂಡಕ್ಟರುಗಳ ಕೂಗು, ಕಡಲೆಕಾಯಿ ಮಾರುವವರ ಕೂಗು. ಅದರ ನಡುವೆ ಅವಳು ತೀರಾ ಸಾಧಾರಣ ದನಿಯಲ್ಲಿ ಹೇಳಿದಳು.

"ನಾನು ಎರಡನೇದಕ್ಕೇ ಸಾಕು ಅಂದಿದ್ದೆ."

ಚೌಡಪ್ಪ ನೆಲ ನೋಡಿದ.

"ನಿಮಗೆ ಅರ್ಥ ಆಗಿತ್ತು. ಆಗ್ಲಿಲ್ಲ ಅನ್ಬೇಡಿ."

"ಆಗಿತ್ತು."

"ಬೈಯಕ್ಕೆ ಹೇಳ್ತಿಲ್ಲ ಕಣ್ರೀ. ಆ ನೋವು ಹಂಗೇ ಇದ್ದಿದ್ರೆ ನಾನು ಬರ್ತಿರಲಿಲ್ಲ. ನೀವು ಕಡಿಮೆ ಮಾಡಿದ್ರಿ. ನೀವು ಅಷ್ಟು ಕಷ್ಟಪಟ್ಟು ಹಚ್ತಿರೋದು ನೋಡಿ ಬೇಡ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ. ಅಷ್ಟೇ." ಸೆರಗು ಸರಿಮಾಡಿಕೊಂಡು, "ಎರಡು ತಿಂಗಳು ಹೋಯ್ತು ಅದ್ರಲ್ಲೇ. ವಾಂತಿ, ಸುಸ್ತು. ಸಮತಾನ ಜೊತೆ ಒಂದಿನ ಸರಿಯಾಗಿ ಕೂತ್ಕೊಳ್ಳಲಿಲ್ಲ" ಅಂದಳು.

ಮುಂದಿನ ಬಸ್ಸು ಬಂತು. ಚೌಡಪ್ಪ ಅವಳನ್ನು ಕೈಹಿಡಿದು ಹತ್ತಿಸಿದ.

ಅದಾದ ಮೇಲೆ ಸೂಜಿಯ ಕಾಟ ಇರಲಿಲ್ಲ. ಬಾಯಿ ಪೂರ್ತಿ ವಾಸಿಯಾಯಿತು. ಇದ್ದಷ್ಟು ದಿನ ದುರ್ಗಮ್ಮ ಅದನ್ನು ಖಾಲಿ ಬಿಡಲಿಲ್ಲ. ಮಂಚದ ಮೇಲಿನಿಂದಲೇ ಸೆಲ್ವಿಯ ಮಗಳ ಮದುವೆ ಮಾತಿಗೆ ಬಂದವರನ್ನು ವಿಚಾರಿಸಿಕೊಂಡಳು. ಅಕ್ಕಪಕ್ಕದವರು ಬಂದು ಅತ್ತರೆ, "ಅಳೋದಾದ್ರೆ ಮನೆಗೆ ಹೋಗಿ ಅಳ್ರವ್ವಾ, ಇಲ್ಲಿ ಏನಾದ್ರೂ ಸುದ್ದಿ ಹೇಳಿ" ಅನ್ನುತ್ತಿದ್ದಳು. ಸಮತಾ ಪರೀಕ್ಷೆ ಬಿಟ್ಟು ಮನೆಯಲ್ಲೇ ಇರುತ್ತೇನೆ ಅಂದಾಗ ಮಾತ್ರ ನಿಜವಾಗಿ ಸಿಟ್ಟಾದಳು. "ನಾನು ಸಾಯೋದಕ್ಕೆ ನೀನು ಹಾಜರಿ ಹಾಕ್ಬೇಕಾ? ಹೋಗಿ ಬರೆದು ಬಾ." ಸಮತಾ ಅಳುತ್ತಲೇ ಶಂಕರಘಟ್ಟದ ಬಸ್ಸು ಹತ್ತಿದಳು.

ಕೊನೆಗೊನೆಗೆ ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಚೌಡಪ್ಪ ಮತ್ತೆ ಬಟ್ಟೆ ಬೇಯಿಸಿ, ನೀರಲ್ಲಿ ಅದ್ದಿ ತುಟಿ ನೆನೆಸುತ್ತಿದ್ದ, ಉಳಿದಿದ್ದ ಗುಳಿಗೆ ಚುಚ್ಚಿ ಸವರುತ್ತಿದ್ದ. ಈಗ ಉಗುಳು ಅನ್ನುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳೇ, "ಡ್ಯೂಟಿಗೆ ಹೋಗ್ರೀ. ನನ್ನ ಮುಖ ನೋಡ್ಕಂಡು ಕೂತ್ರೆ ಏನು ಬಂತು? ಸೆಲ್ವಿ ಇದಾಳೆ" ಅಂದಳು. ಅವಳು ಹೇಳಿದ್ದನ್ನು ಈ ಸಲ ಮೀರಬಾರದು ಅಂದುಕೊಂಡು ಅವನು ಹೋದ.

ಮಧ್ಯಾಹ್ನದ ಹೊತ್ತು, ಎಂದೂ ಮೇಲೆ ಬರದ ಶೇಷಪ್ಪ ಏದುಸಿರು ಬಿಡುತ್ತ ಕಬ್ಬಿಣದ ಏಣಿ ಹತ್ತಿ ಬಂದ. ಅವನು ಬಾಯಿ ತೆರೆಯುವ ಮೊದಲೇ ಚೌಡಪ್ಪ ಸನ್ನೆಕೋಲು ಬಿಟ್ಟು ಎದ್ದಿದ್ದ.

ಸಮತಾ ಬರುವ ಹೊತ್ತಿಗೆ ಸಂಜೆಯಾಗಿತ್ತು. ಕಡೇ ಪೇಪರ್ ಬರೆಯುವುದು ಹಾಗೇ ಉಳಿಯಿತು. ಹೊಳೆದಂಡೆಯಲ್ಲಿ ಎಲ್ಲ ಮುಗಿಸಿ ಬಂದರು. ತಿಥಿಯ ದಿನ ಕ್ವಾಟ್ರಸ್ ಸಾಲಿಗೆ ಸಾಲೇ ಬಂದು ಉಂಡು ಹೋಯಿತು. ನೆಂಟರು ಹೊರಟ ಮೇಲೆ ಅಪ್ಪ ಮಗಳು ಇಬ್ಬರೇ ಉಳಿದರು. ಅವಳು ಪಾತ್ರೆ ಜೋಡಿಸುತ್ತಿದ್ದಾಗ ಚೌಡಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ.

"ನಿಮ್ಮಮ್ಮ ಎರಡನೇ ಇಂಜೆಕ್ಷನ್ ಆದ್ಮೇಲೆ ಬೇಡ ಅಂದಿದ್ಲು. ನಾನೇ ಕೇಳಿಸ್ಕೊಳ್ಳಲಿಲ್ಲ."

ಸಮತಾ ತಿರುಗಿದಳು. "ಬೇಡ ಅಂದಿದ್ಲಾ? ಬಾಯಿ ಬಿಡಕ್ಕೇ ಆಗ್ತಿರಲಿಲ್ಲ ಅವಾಗ."

"ಕೈಯಲ್ಲಿ ಹೇಳಿದ್ಲು."

"ನನಗ್ಯಾಕೆ ಹೇಳ್ಲಿಲ್ಲ ಅಪ್ಪಾ? ಡಾಕ್ಟ್ರಿಗೆ?"

"ನೀವೆಲ್ಲ ಅವಳ ಕಡೆ ಆಗಿಬಿಡ್ತೀರಿ ಅಂತ."

ಅವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. "ಆಗ್ತಿದ್ದೆನೋ ಇಲ್ವೋ, ಗೊತ್ತಿಲ್ಲ. ಅಮ್ಮ ಬದುಕ್ಲಿ ಅಂತ ನನಗೂ ಆಸೆ ಇತ್ತು. ಆದ್ರೆ ಅವಳು ಅಂದಿದ್ದು ನನಗೆ ಗೊತ್ತಾಗ್ಬೇಕಿತ್ತು. ಅವಳ ಮಾತು ಅದು. ನೀನು ಹೆಂಗೆ ಒಳಗಿಟ್ಕೊಂಡೆ?"

ಮರುದಿನ ಬೆಳಿಗ್ಗೆ ಅವಳು ಹಾಸ್ಟೆಲಿಗೆ ಹೊರಟುಹೋದಳು. ಆ ಶನಿವಾರ ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ.

ಚೌಡಪ್ಪ ಒಂದು ದಿನ ಶಿವಮೊಗ್ಗಕ್ಕೆ ಹೋಗಿ ಡಾಕ್ಟರ ಬಾಗಿಲಲ್ಲಿ ಕಾದು ಕೂತ. ಎಣ್ಣೆ ಒಳಗೆ ಹೋದ ಮಾತನ್ನು ಅವನು ಎತ್ತಲಿಲ್ಲ. "ಎರಡನೇದಾದ್ಮೇಲೆ ಅವಳು ಬೇಡ ಅಂದಿದ್ಲು, ನಾನು ನಿಮಗೆ ಹೇಳ್ಲಿಲ್ಲ. ಬಾಯಿ ವಾಸಿ ಮಾಡದೆ ಇದ್ದಿದ್ರೆ ಅವಳು ಅಲ್ಲಿಗೇ ನಿಲ್ಲಿಸ್ತಿದ್ಲು ಸಾರ್. ಎರಡು ತಿಂಗಳು ನೆಮ್ಮದಿಯಾಗಿ ಇರ್ತಿದ್ಲು. ನಾನು ಮಾಡಿದ್ದು ಸರಿಯಾ?" ಅಂತ ಕೇಳಿದ.

ಜ್ಞಾನೇಶ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಬಾಯಿ ವಾಸಿ ಮಾಡಿದ್ದು ಸರಿ. ಅದರಲ್ಲಿ ನನಗೆ ಅನುಮಾನ ಇಲ್ಲ. ಆಮೇಲಿನದು..." ಅಂತ ನಿಲ್ಲಿಸಿದರು. "ಬೇಡ ಅಂದಿದ್ದು ಗೊತ್ತಿದ್ದಿದ್ರೆ ನಾನು ಅವರ ಹತ್ರ ಕೂತು ಮಾತಾಡ್ತಿದ್ದೆ. ಏನು ತೀರ್ಮಾನ ಆಗ್ತಿತ್ತೋ ಹೇಳಕ್ಕಾಗಲ್ಲ."

ಅವನು ಕೈಮುಗಿದು ಎದ್ದು ಬಂದ. ಸಮಾಧಾನ ಕೇಳುವುದಕ್ಕೆ ಹೋಗಿದ್ದನೋ, ಬೈಸಿಕೊಳ್ಳುವುದಕ್ಕೆ ಹೋಗಿದ್ದನೋ ಅವನಿಗೇ ತಿಳಿಯದು. ಎರಡೂ ಸಿಗಲಿಲ್ಲ.

ಸಮತಾ ಬಂದದ್ದು ಅದಾದ ಮೇಲೆ, ಒಂದು ಭಾನುವಾರ, ಹೇಳದೆ ಕೇಳದೆ. ಮುಖ ಬಾಡಿತ್ತು. ಚೌಡಪ್ಪ ಅನ್ನಕ್ಕಿಟ್ಟು, ಬೇಳೆ ಸಾರು ಮಾಡಿದ. ಅವನು ಬಡಿಸುವಾಗ ಅವಳು ತಲೆ ಎತ್ತದೆ ಕೇಳಿದಳು.

"ನಾನು ಪರೀಕ್ಷೆಗೆ ಹೋಗಿದ್ನಲ್ಲ, ಆ ದಿನಗಳಲ್ಲಿ ಅಮ್ಮ ಏನೇನು ಮಾತಾಡಿದ್ಲು?"

"ಏನೇನೋ."

"ಏನೇನೋ ಅಂದ್ರೆ? ಎಲ್ಲ ಹೇಳು. ಬಿಟ್ಟು ಹೇಳ್ಬೇಡ."

ಚೌಡಪ್ಪ ಸೌಟು ಕೆಳಗಿಟ್ಟು ಅವಳ ಎದುರು ಕೂತ. ಹೇಳುವುದು ಅವನಿಗೆ ಸುಲಭವಾಗಿ ಬರುವ ಕೆಲಸವಲ್ಲ. ಮೊದಲನೆಯ ದಿನದಿಂದ ಸುರುಮಾಡಿದ, ಎಡವಿದ, ಮತ್ತೆ ಹಿಂದಕ್ಕೆ ಹೋಗಿ ಬಿಟ್ಟದ್ದನ್ನು ಸೇರಿಸಿದ. ತನ್ನನ್ನು ಕುರಿತು ಅವಳು ಹೇಳಿದ್ದನ್ನೂ, ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದನ್ನೂ ಬಿಡಲಿಲ್ಲ. ಅವನು ಮುಗಿಸುವ ಹೊತ್ತಿಗೆ ತಟ್ಟೆಯಲ್ಲಿದ್ದ ಅನ್ನ ಆರಿ ಗಟ್ಟಿಯಾಗಿತ್ತು. ಇಬ್ಬರೂ ಅದನ್ನೇ ಕಲಸಿಕೊಂಡು ಉಂಡರು.